ಅಪ್‌ಡೇಟ್: ನೀರು ಮೂಸದ ಬೆಕ್ಕು, ತುಂಬಿದ ಟ್ರೇ

ವೆಟ್ ಫುಡ್ (ಪೌಚ್‌ನಲ್ಲಿ ಬರುವ ಹಸಿ ಆಹಾರ) ಶುರು ಮಾಡಿದ ಮೇಲೆ ನಮ್ಮ ಗಂಡು ಬೆಕ್ಕು ನೀರಿನ ಬಟ್ಟಲನ್ನು ಮೂಸಿಯೂ ನೋಡುತ್ತಿಲ್ಲ, ಮೂತ್ರ ಮಾತ್ರ ಜಾಸ್ತಿ, ಕಾಯಿಲೆ ಏನಾದರೂ ಇರಬಹುದಾ ಅಂತ ಕೇಳಿದ್ದೆ. ಮಡಿಕೇರಿಯಲ್ಲಿ ಡಾಕ್ಟರಿಗೆ ತೋರಿಸಿದೆವು. ಮೂತ್ರ ಪರೀಕ್ಷೆಯಲ್ಲಿ ಸಕ್ಕರೆಯೂ ಇಲ್ಲ, ಹರಳೂ ಇಲ್ಲ. ಅಬ್ಬಾ!

ಒಣ ಫುಡ್‌ನಲ್ಲಿ ನೀರು ಸುಮಾರು 10% ಅಷ್ಟೇ. ವೆಟ್ ಫುಡ್‌ನಲ್ಲಿ 75–80%. ಬಟ್ಟಲಿನಿಂದ ಕುಡಿಯೋದು ಕಡಿಮೆಯಾದರೂ ಒಟ್ಟು ನೀರು ಜಾಸ್ತಿಯೇ ಹೋಗುತ್ತದೆ, ಮೂತ್ರ ತೆಳುವಾಗುತ್ತದೆ. ನಮ್ಮಲ್ಲಿ ಮಳೆ ಹಿಡಿದರೆ ಬೆಕ್ಕು ಅಂಗಳಕ್ಕೂ ಇಳಿಯೋದಿಲ್ಲ, ಎಲ್ಲವೂ ಮರಳು ಹಾಕಿದ ಟ್ರೇಯಲ್ಲೇ. ಹಾಗಾಗಿ ವ್ಯತ್ಯಾಸ ಕಣ್ಣಿಗೇ ಬಿತ್ತು. ಮೊದಲು ಮೂತ್ರಕ್ಕೆ ಮರಳು ಅಂಟಿ ಆಗುತ್ತಿದ್ದದ್ದು ಚಿಕ್ಕ ಉಂಡೆ, ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಈಗ ಉಂಡೆ ಸಣ್ಣ ಕಿತ್ತಳೆಯಷ್ಟಿದೆ, ವಾಸನೆ ಕಡಿಮೆ.

ನೀರೂ ಜಾಸ್ತಿ ಕುಡಿದು ಮೂತ್ರವೂ ಜಾಸ್ತಿಯಾದರೆ ಕಿಡ್ನಿ, ಶುಗರ್ ನೋಡಿಸಬೇಕಂತೆ. ಗಂಡು ಬೆಕ್ಕು ಪದೇ ಪದೇ ಟ್ರೇಗೆ ಹೋಗಿ ತಿಣುಕಿದರೂ ಹನಿ ಬಾರದಿದ್ದರೆ ಬೆಳಗಾಗಲಿ ಅಂತ ಕಾಯಲೇಬಾರದು. ಮೂತ್ರ ಕಟ್ಟಿದರೆ ಒಂದೆರಡು ದಿನದಲ್ಲೇ ಜೀವಕ್ಕೆ ಕುತ್ತು.

ನೀರಿನ ಬಟ್ಟಲು ತೆಗೆದಿಲ್ಲ. ಪೌಚ್ ದುಬಾರಿ ಅಲ್ವಾ, ಅದಕ್ಕೆ ಒಂದು ಹೊತ್ತು ಒಣ ಫುಡ್ಡನ್ನೇ ಬೆಚ್ಚಗಿನ ನೀರಲ್ಲಿ ನೆನೆಸಿ ಕೊಡುತ್ತಿದ್ದೇವೆ. ಮುಖ ಸಿಂಡರಿಸಿಕೊಂಡೇ ತಿನ್ನುತ್ತದೆ.