ಪಿಎಸ್2 ಅಡಾಪ್ಟರ್ ಕೇಳಿದರೆ ದುಂಡು ತೂತಿನದು ಕೊಟ್ಟರು: ಕಂಟ್ರೋಲರ್ ಸೇರುತ್ತಿಲ್ಲ

ಕಲಬುರಗಿ_ರೊಟ್ಟಿ:
ನಮ್ಮ ಹಳೆಯ ಪ್ಲೇಸ್ಟೇಷನ್ 2 (ಪಿಎಸ್2) ಗೇಮ್ ಯಂತ್ರ ಕೆಟ್ಟುಹೋಗಿದೆ, ಎರಡು ಕಂಟ್ರೋಲರ್‌ಗಳು ಮಾತ್ರ ಗಟ್ಟಿಯಾಗಿವೆ. ಕಂಪ್ಯೂಟರಿನಲ್ಲಿ ತಮ್ಮನ ಜೊತೆ ಫುಟ್‌ಬಾಲ್ ಆಡೋಣವೆಂದು ಸೂಪರ್ ಮಾರ್ಕೆಟ್‌ನ ಅಂಗಡಿಯೊಂದರಲ್ಲಿ ‘ಪಿಎಸ್2ನಿಂದ ಯುಎಸ್‌ಬಿ ಅಡಾಪ್ಟರ್’ ಕೇಳಿದೆ. ತಂದು ನೋಡಿದರೆ ನೇರಳೆ ಮತ್ತು ಹಸಿರು ಬಣ್ಣದ ಎರಡು ದುಂಡು ತೂತುಗಳಿವೆ. ನನ್ನ ಕಂಟ್ರೋಲರ್ ಪ್ಲಗ್ ಚಪ್ಪಟೆಯಾಗಿದೆ. ಈ ಬಿಸಿಲಿನಲ್ಲಿ ಮತ್ತೆ ಅಲ್ಲಿಗೆ ಹೋಗುವ ಮೊದಲು ಏನು ಕೇಳಬೇಕೆಂದು ಯಾರಾದರೂ ಹೇಳಿ.

ಬಿದರಿ_ತಂತಿ:
ತಪ್ಪು ನಿಮ್ಮದೂ ಅಲ್ಲ, ಅಂಗಡಿಯವರದೂ ಅಲ್ಲ, ಹೆಸರಿನದು. ಐಬಿಎಂ 1987ರಲ್ಲಿ ತಂದ ಕಂಪ್ಯೂಟರುಗಳ ಹೆಸರು ಪಿಎಸ್/2. ಅವುಗಳೊಂದಿಗೆ ಬಂದ 6 ಪಿನ್ನಿನ ದುಂಡು ಕಿಂಡಿಗೂ ಅದೇ ಹೆಸರು ಉಳಿಯಿತು. ನೇರಳೆ ಕೀಬೋರ್ಡಿಗೆ, ಹಸಿರು ಮೌಸಿಗೆ. ಸೋನಿಯ ಪ್ಲೇಸ್ಟೇಷನ್ 2 ಬಂದದ್ದು 2000ದಲ್ಲಿ. ಬಾಯಲ್ಲಿ ಹೇಳಿದರೆ ಎರಡೂ ಒಂದೇ, ಸಂಬಂಧ ಮಾತ್ರ ಏನೂ ಇಲ್ಲ. ‘ಪಿಎಸ್2’ ಎಂಬ ಮಾತನ್ನೇ ಬಿಡಿ, ‘ಪ್ಲೇಸ್ಟೇಷನ್ ಕಂಟ್ರೋಲರ್ ಕನ್ವರ್ಟರ್’ ಎನ್ನಿ. ಕಂಟ್ರೋಲರನ್ನೂ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಎರಡು ಚಪ್ಪಟೆ ಕಿಂಡಿಗಳಿರುವುದನ್ನು ತಂದರೆ ತಮ್ಮನಿಗೂ ಆಗುತ್ತದೆ.

ಭೀಮಾತೀರ_ಯಾದಗಿರಿ:
ಅಡಾಪ್ಟರ್ ಏಕೆ? ಹಳೆಯ ಯುಎಸ್‌ಬಿ ಕೇಬಲ್ ಕತ್ತರಿಸಿ, ಬಣ್ಣ ನೋಡಿ ತಂತಿ ಬೆಸೆದರೆ ಆಗುವುದಿಲ್ಲವೇ?

ಬಿದರಿ_ತಂತಿ:
ದಯವಿಟ್ಟು ಬೇಡ ಅಣ್ಣಾ. ಆ ಕಂಟ್ರೋಲರಿಗೆ ಯುಎಸ್‌ಬಿ ಭಾಷೆಯೇ ಬಾರದು. ಅದರ ಸಂಕೇತಗಳನ್ನು ಯುಎಸ್‌ಬಿಗೆ ಬದಲಿಸುವ ಚಿಪ್ ಕನ್ವರ್ಟರಿನ ಹೊಟ್ಟೆಯಲ್ಲಿರುತ್ತದೆ. ಸಾಲದ್ದಕ್ಕೆ ಕಂಟ್ರೋಲರಿನ ಸರ್ಕ್ಯೂಟಿಗೆ ಬೇಕಾದದ್ದು ಸುಮಾರು 3.3 ವೋಲ್ಟ್, ಯುಎಸ್‌ಬಿ ಕೊಡುವುದು 5. ಗಟ್ಟಿಯಾಗಿರುವುದನ್ನು ಯಾಕೆ ಸುಡಬೇಕು?

ಕಲಬುರಗಿ_ರೊಟ್ಟಿ:
ಇಲ್ಲಿ ಸಿಗಲಿಲ್ಲ. ಹೈದರಾಬಾದಿಗೆ ಹೋಗಿದ್ದ ಮಾವ ಕೋಠಿಯಿಂದ ಎರಡು ಕಿಂಡಿಯದನ್ನು ತಂದರು. ಈಗ ಬಟನ್‌ಗಳು ಕೆಲಸ ಮಾಡುತ್ತವೆ, ಆದರೆ ಹೆಬ್ಬೆರಳಿನಿಂದ ಆಡಿಸುವ ಎರಡು ಕೋಲುಗಳೂ ಸತ್ತಂತಿವೆ. ಒಂದೇ ಕಂಟ್ರೋಲರ್ ಹಾಕಿದರೂ ವಿಂಡೋಸ್ ಎರಡು ತೋರಿಸುತ್ತಿದೆ.

ಬಿದರಿ_ತಂತಿ:
ಎರಡು ತೋರಿಸುವುದು ಕಿಂಡಿ ಎರಡಿರುವುದರಿಂದ, ಚಿಂತೆ ಬೇಡ. ಕೋಲುಗಳ ನಡುವೆ ‘ಅನಲಾಗ್’ ಎಂಬ ಚಿಕ್ಕ ಬಟನ್ ಇದೆಯಲ್ಲ, ಅದನ್ನು ಒತ್ತಿ. ಕೆಂಪು ದೀಪ ಹತ್ತಬೇಕು. ಆಮೇಲೆ ವಿಂಡೋಸ್ ಕೀ ಜೊತೆ ಆರ್ ಒತ್ತಿ, joy.cpl ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಎಂಟರ್ ಕೊಡಿ. ಅಲ್ಲಿ ಪ್ರಾಪರ್ಟೀಸ್ ತೆರೆದು ಕೋಲು ಆಡಿಸಿದರೆ ಗುರುತು ಅಲುಗಾಡುತ್ತದೆ.

ಅಲ್ಲಿ ಸರಿಯಿದ್ದೂ ಆಟದೊಳಗೆ ಕೆಲಸ ಮಾಡದಿದ್ದರೆ ಅಡಾಪ್ಟರನ್ನು ಬೈಯಬೇಡಿ. ಇಂಥವು ವಿಂಡೋಸ್ ಆಟಗಳು ಕಂಟ್ರೋಲರನ್ನು ಓದುವ ಹಳೆಯ ಡೈರೆಕ್ಟ್‌ಇನ್‌ಪುಟ್ ಪದ್ಧತಿಯವು. 2005ರಲ್ಲಿ ಮೈಕ್ರೋಸಾಫ್ಟಿನ ಗೇಮ್ ಯಂತ್ರ ಎಕ್ಸ್‌ಬಾಕ್ಸ್ 360 ಬಂದ ಮೇಲಿನ ಬಹಳಷ್ಟು ಆಟಗಳು ಹೊಸ ಪದ್ಧತಿಯಾದ ಎಕ್ಸ್‌ಇನ್‌ಪುಟ್ಟನ್ನೇ ಕೇಳುತ್ತವೆ. ಆಟವನ್ನು ಸ್ಟೀಮ್ (ಆಟಗಳನ್ನು ಕೊಳ್ಳುವ, ತೆರೆಯುವ ತಂತ್ರಾಂಶ) ಲೈಬ್ರರಿಗೆ ಸೇರಿಸಿ, ಹಳೆಯ ಪದ್ಧತಿಯನ್ನು ಹೊಸದಕ್ಕೆ ಬದಲಿಸುವ ಸ್ಟೀಮ್ ಇನ್‌ಪುಟ್ ಚಾಲೂ ಮಾಡಿ ನೋಡಿ.

ಕಲಬುರಗಿ_ರೊಟ್ಟಿ:
ಕೆಂಪು ದೀಪ ಹತ್ತಿತು! ಆಟ ಮಾತ್ರ ನೀವು ಹೇಳಿದಂತೆಯೇ ಹಟ ಮಾಡಿತು, ಸ್ಟೀಮ್ ಮೂಲಕ ತೆರೆದ ಮೇಲೆ ಬಗ್ಗಿತು. ಮೊದಲ ಪಂದ್ಯದಲ್ಲಿ ತಮ್ಮ 3-0 ಗೆದ್ದ, ಅದಕ್ಕೆ ಪರಿಹಾರ ಕೇಳುವುದಿಲ್ಲ. ದುಂಡು ತೂತಿನದಕ್ಕೆ ಅಪ್ಪನ ಹಳೆಯ ಕೀಬೋರ್ಡ್ ಸಿಕ್ಕಿಸಿದೆ, ಅದೂ ನಡೆಯುತ್ತಿದೆ.