ಸಹಾಯ ಬೇಕು: ಗಿಡಗಳ ಪುಟ್ಟ ವೆಬ್‌ಸೈಟ್‌ಗೆ ಎಚ್ಚರಿಕೆಯ ಮಾತು ಹೇಗೆ ಬರೆಯಲಿ?

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಸುತ್ತಮುತ್ತಲಿನ ಗಿಡಗಳ ಬಗ್ಗೆ ಕನ್ನಡದಲ್ಲಿ ಒಂದು ಸರಳ ವೆಬ್‌ಸೈಟ್ ಮಾಡುತ್ತಿದ್ದೇನೆ. ಬರೀ ಎಚ್‌ಟಿಎಂಎಲ್ (ಪುಟ ಕಟ್ಟುವ ಕೋಡ್), ಸ್ವಲ್ಪ ಸಿಎಸ್‌ಎಸ್ (ಅದರ ಅಂದಚಂದಕ್ಕೆ). ಜಾಹೀರಾತು, ಲಾಗಿನ್ ಏನೂ ಇಲ್ಲ.

ಒಂದೆಲಗ, ದೊಡ್ಡಪತ್ರೆ, ಅಮೃತಬಳ್ಳಿಯ ಮನೆಬಳಕೆಯನ್ನೂ ಬರೆದಿದ್ದೇನೆ. ಚಿಂತೆ ಇರುವುದು ಇಲ್ಲೇ. ದೊಡ್ಡಪತ್ರೆ ತಂಬುಳಿಗೆ ಯಾರೂ ಹೆದರಬೇಕಿಲ್ಲ. ಆದರೆ ಅಮೃತಬಳ್ಳಿ ಕಷಾಯ ಕುಡಿದವರಲ್ಲಿ ಕೆಲವರಿಗೆ ಲಿವರ್ ತೊಂದರೆಯಾದ ವರದಿಗಳು ಕೋವಿಡ್ ಕಾಲದಲ್ಲಿ ಬಂದಿದ್ದವು. ಕಣಗಿಲೆ, ದತ್ತೂರಿಯಂತೂ ವಿಷವೇ. "ಇದು ವೈದ್ಯರ ಸಲಹೆಯಲ್ಲ" ಅಂತ ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಹಾಕಿದರೆ ಯಾರು ಓದುತ್ತಾರೆ? ವಾಟ್ಸಾಪ್‌ನಲ್ಲಿ ಲಿಂಕ್ ಸಿಕ್ಕವರು ಆ ಒಂದು ಪುಟ ಮಾತ್ರ ನೋಡುತ್ತಾರೆ, ಅಲ್ವಾ? ಹಾಗಾಗಿ ಪ್ರತಿ ಗಿಡದ ಹೆಸರಿನ ಕೆಳಗೇ ಎರಡು ಸಾಲು ಹಾಕಬೇಕು ಅಂತ ನನ್ನ ಅಭಿಪ್ರಾಯ. ವಿಷದ ಗಿಡಕ್ಕೆ ಕೆಂಪು ಪಟ್ಟಿಯ ಜೊತೆ "ವಿಷ" ಎಂಬ ಪದವೂ ಬೇಕು. ಬಣ್ಣ ಗುರುತಿಸಲಾಗದವರಿಗೂ ಗೊತ್ತಾಗಬೇಕಲ್ಲ.

ಇಲ್ಲಿ ವೈದ್ಯರು, ವಕೀಲರು ಇದ್ದರೆ ಆ ಎರಡು ಸಾಲು ಬರೆದುಕೊಡುತ್ತೀರಾ? ಕಾನೂನಿನ ಭಾಷೆ ಬೇಡ, ಅಜ್ಜಿಗೂ ಅರ್ಥವಾಗುವಂತಿರಲಿ.

ಫಾಂಟ್ ನೋಟೋ ಸಾನ್ಸ್ ಕನ್ನಡ. ಸಾಲಿನ ಅಂತರ ಅಕ್ಷರದ ಗಾತ್ರದ 1.4 ಪಟ್ಟು ಇಟ್ಟರೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗಿದಂತೆ ಕಾಣುತ್ತವೆ, 1.8 ಚೆನ್ನಾಗಿದೆ. ಸಣ್ಣ ಮೊಬೈಲ್‌ನಲ್ಲಿ ಅದು ಜಾಸ್ತಿ ಆಯಿತೇ? ಫೋಟೋಗಳು ಗೆಳೆಯರದ್ದು, ಅವರ ಒಪ್ಪಿಗೆ ಇದೆ. ಹೆಸರನ್ನು ಪ್ರತಿ ಚಿತ್ರದ ಕೆಳಗೆ ಹಾಕುವುದೋ, ಕೊನೆಗೆ ಒಟ್ಟಿಗೆ ಹಾಕುವುದೋ? ನೀವು ಹೇಗೆ ಮಾಡಿದ್ದೀರಿ ತಿಳಿಸಿ.