ಅಪ್‌ಡೇಟ್: ಶಾಲೆಯಲ್ಲಿ ಕಡಲಾಮೆಗಳ ಸಾಕ್ಷ್ಯಚಿತ್ರ ತೋರಿಸಿದೆವು

ಮಲ್ಪೆ ಸಮೀಪದ ನಮ್ಮ ಪ್ರೌಢಶಾಲೆಯಲ್ಲಿ ಕಡಲಾಮೆಗಳ ಸಾಕ್ಷ್ಯಚಿತ್ರ ತೋರಿಸುವುದು ಹೇಗೆ, ಅನುಮತಿ ಬೇಕೇ ಎಂದು ಕಳೆದ ತಿಂಗಳು ಕೇಳಿದ್ದೆ. ಶನಿವಾರ ಪ್ರದರ್ಶನ ನಡೆಯಿತು. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.

1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಓದಿದೆ. ಪ್ರೇಕ್ಷಕರು ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರು ಮತ್ತು ಶಾಲೆಯ ಚಟುವಟಿಕೆಗೆ ಸಂಬಂಧಿಸಿದವರಷ್ಟೇ ಆಗಿದ್ದರೆ ಶಾಲೆಯ ಕಾರ್ಯಕ್ರಮದಲ್ಲಿ ಚಲನಚಿತ್ರ ತೋರಿಸಬಹುದು. ಹಾಗಾಗಿ ಊರವರನ್ನೆಲ್ಲ ಕರೆಯುವ ಯೋಚನೆ ಕೈಬಿಟ್ಟೆವು. ಆದರೂ ನಿರ್ಮಾಪಕರಿಗೆ ಪತ್ರ ಬರೆದೆವು, ಸಂತೋಷದಿಂದ ಒಪ್ಪಿದರು.

ನನ್ನನ್ನು ಕಂಗೆಡಿಸಿದ್ದು ಮಳೆ. ತಗಡಿನ ಮಾಡಿನ ಮೇಲೆ ಅದು ಹೊಡೆಯತೊಡಗಿದರೆ ಪ್ರೊಜೆಕ್ಟರಿನ ಪುಟ್ಟ ಸ್ಪೀಕರ್ ಕೇಳಿಸುವುದೇ ಇಲ್ಲ. ಹಿಂದಿನ ದಿನವೇ ಹಾಕಿ ನೋಡಿ ಎಂದು ನೀವು ಹೇಳಿದ್ದು ನಮ್ಮನ್ನು ಉಳಿಸಿತು. ಮೈಕ್‌ಸೆಟ್ ಬಾಡಿಗೆಗೆ ಕೊಡುವ ಪೋಷಕರೊಬ್ಬರು ಎರಡು ದೊಡ್ಡ ಸ್ಪೀಕರ್ ತಂದರು. ಕಿಟಕಿಗಳಿಗೆ ದೋಣಿ ಮುಚ್ಚುವ ಟಾರ್ಪಾಲು ಕಟ್ಟಿದೆವು. ಸಭಾಂಗಣದ ತುಂಬ ಮೀನಿನ ವಾಸನೆ. ನಮ್ಮ ಮಕ್ಕಳಿಗೆ ಅದು ಮನೆಯ ವಾಸನೆ.

ಚಿತ್ರವನ್ನು ನಡುವೆ ಎರಡು ಸಲ ನಿಲ್ಲಿಸಿ ಮಾತನಾಡಿದೆವು. ಆಮೆ ಒಂದು ಸಲಕ್ಕೆ ನೂರರಷ್ಟು ಮೊಟ್ಟೆ ಇಡುತ್ತದೆ, ಬೀದಿದೀಪ ಕಂಡರೆ ಮರಿಗಳು ಕಡಲಿನ ದಾರಿ ತಪ್ಪುತ್ತವೆ ಎಂದು ವಿವರಿಸುತ್ತಿದ್ದಾಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. "ಟೀಚರ್, ಬಲೆಗೆ ಆಮೆ ಬಿದ್ದರೆ ನನ್ನ ಅಜ್ಜ ಕುಂಕುಮ ಹಚ್ಚಿ, ಕೈಮುಗಿದು ನೀರಿಗೆ ಬಿಡುತ್ತಾರೆ" ಎಂದಳು. ಅರ್ಧ ನಿಮಿಷ ಯಾರೂ ಮಾತನಾಡಲಿಲ್ಲ.

ಮುಂದಿನ ತಿಂಗಳು ಆ ಅಜ್ಜನನ್ನೇ ಶಾಲೆಗೆ ಕರೆಸುತ್ತಿದ್ದೇವೆ.